ಅಕ್ಕನನ್ನು ಬದುಕಿಸಿದ ಅನುವಾದ

ಮೊನ್ನೆ ಇಂದಿರಾನಗರದಲ್ಲಿ ಮೆಟ್ರೊ ಹತ್ತಿದವನು ಕೆ.ಆರ್. ಪುರ ತಲುಪುವಷ್ಟರಲ್ಲಿ ಮೂರು ಸಲ ಸತ್ತೆ. ಗಾಬರಿಯಾಗಬೇಡಿ, ಮೊಬೈಲಿನಲ್ಲಿ. ಹಿಂದೆ ಕಂಪ್ಯೂಟರಿನಲ್ಲಿ ಆಡುತ್ತಿದ್ದ ಕತ್ತಿ-ಗುರಾಣಿಯ ಕಥೆಯಾಟವೊಂದು ಈಗ ಫೋನಿಗೂ ಬಂದಿದೆ. ಮೊದಲ ಗುಹೆಯ ಹೆಗ್ಗಣವೇ ನನ್ನನ್ನು ಮುಗಿಸುತ್ತದೆ. ಬಾವಿಕಟ್ಟೆ ಸಿಕ್ಕಲ್ಲಿ ಮಾತ್ರ ಸೇವ್ ಮಾಡಬಹುದು. ಅದಕ್ಕೆ ಮೊದಲು ಸತ್ತರೆ ಎಲ್ಲ ಮೊದಲಿನಿಂದ. ಇಂಥ ಆಟ ಮಾಡಿದವರ ಮೇಲೆ ನನಗೆ ಈಗಲೂ ಕೋಪವಿದೆ.

ಆಗ ಅದನ್ನು ನಾನೊಬ್ಬನೇ ಆಡಿದ್ದಲ್ಲ. ಹೊಸ ತಿಪ್ಪಸಂದ್ರದ ನಮ್ಮ ಮನೆಯ ಮೇಲಿನ ರೂಮಿನಲ್ಲಿ ಬಸಣ್ಣ ಬಾಡಿಗೆಗಿದ್ದರು. ರಾಯಚೂರು ಕಡೆಯವರು, ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ. ಭಾನುವಾರ ಊಟ ಮುಗಿಸಿ ಕೆಳಗಿಳಿದು ಬರುವರು. ಪರದೆಯ ಮೇಲಿನ ಇಂಗ್ಲಿಷನ್ನು ನಾನು ಕನ್ನಡದಲ್ಲಿ ಹೇಳಬೇಕು, ಕಾದಾಟ ಅವರದು. ಒಂದೇ ರಾಕ್ಷಸನ ಕೈಲಿ ಹತ್ತು ಸಲ ಸತ್ತರೂ ಅವರಿಗೆ ಬೇಸರವಿಲ್ಲ. "ಸರಳ ಇದ್ರ ಯಾರರ ಗೆಲ್ತಾರ, ತಮ್ಮಾ" ಎನ್ನುವರು. ನನಗೋ ಕಥೆಯೇ ತಲೆನೋವು. ದಾರಿಯಲ್ಲಿ ಸಿಕ್ಕ ಕುರಿ ಕಾಯುವವನೂ ಮೂರು ಪುಟ ವೇದಾಂತ ಹೇಳುತ್ತಿದ್ದ. ಅದನ್ನು "ಪೂರ್ವಕ್ಕೆ ಹೋಗಿ ಅಂತಿದಾನೆ" ಎಂದು ಒಂದೇ ಸಾಲಿಗೆ ಇಳಿಸುತ್ತಿದ್ದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆಟ ಶುರುವಾದ ಗಂಟೆಯೊಳಗೇ ವೀರನ ಅಕ್ಕ ಸಾಯುತ್ತಾಳೆ. ಬಸಣ್ಣನನ್ನು ಸಾಕಿ ಬೆಳೆಸಿದ್ದೂ ಅವರ ಅಕ್ಕನೇ. ಆ ವರ್ಷವಷ್ಟೇ ತೀರಿಕೊಂಡಿದ್ದರು. ಬಸಣ್ಣ ಮುಂದಕ್ಕೆ ಬಾಗಿ ಕೇಳಿದರು, "ಅಕಿಗೆ ಏನಾತು?"

"ಕಳ್ರು ಎತ್ಕೊಂಡ್ ಹೋದ್ರು ಬಸಣ್ಣ. ಬಿಡಿಸ್ಕೊಂಡ್ ಬರ್ಬೇಕು" ಎಂದುಬಿಟ್ಟೆ.

ಒಂದು ಸುಳ್ಳು ಮುಚ್ಚಲು ಹತ್ತು ಸುಳ್ಳು. ಮುಂದೆ ಸಿಕ್ಕ ಕಮ್ಮಾರ, ಅಂಬಿಗ, ಸನ್ಯಾಸಿ ಎಲ್ಲರ ಬಾಯಲ್ಲೂ ಅಕ್ಕನ ಸುದ್ದಿ ತುಂಬಿಸಿದೆ. ಆಟದ ಕಥೆಗಿಂತ ನನ್ನದೇ ಮೇಲು ಎಂಬ ಜಂಬ ಬೇರೆ. ಆರು ತಿಂಗಳ ಭಾನುವಾರಗಳೆಲ್ಲ ಬಸಣ್ಣ ಆಕೆಯನ್ನು ಬಿಡಿಸಲಿಕ್ಕೆಂದೇ ಕಾದಾಡಿದರು. ಕೊನೆಯ ರಾಕ್ಷಸನೂ ಬಿದ್ದ ಮೇಲೆ ಒಂದು ತೋಟ, ಅದರಲ್ಲಿ ಒಂದು ಸಮಾಧಿ, ಕಲ್ಲಿನ ಮೇಲೆ ಅಕ್ಕನ ಹೆಸರು. ಇಂಗ್ಲಿಷ್ ವಾಕ್ಯ ತಿಳಿಯದಿದ್ದರೂ ಹೆಸರು ಓದುವಷ್ಟು ಅಕ್ಷರ ಅವರಿಗೆ ಬರುತ್ತಿತ್ತು. ಅದು ನನಗೆ ಹೊಳೆದೇ ಇರಲಿಲ್ಲ.

ಮೌಸ್ ಬಿಟ್ಟು ಎದ್ದರು. "ಖರೇ ಹೇಳಿದ್ರೂ ಆಡ್ತಿದ್ನಲ್ಲೋ" ಎಂದರು.

ಮುಂದಿನ ಭಾನುವಾರ ಬರಲಿಲ್ಲ. ಕೆಲವು ತಿಂಗಳಲ್ಲಿ ರೂಮು ಖಾಲಿ ಮಾಡಿ ಹೂಡಿ ಕಡೆ ಹೋದರು. ಹಬ್ಬಕ್ಕೆ ಫೋನು ಮಾಡಿಕೊಳ್ಳುತ್ತೇವೆ. ಆಟದ ಮಾತನ್ನು ಇಬ್ಬರೂ ಎತ್ತುವುದಿಲ್ಲ.

ಮೊನ್ನೆ ಕೆ.ಆರ್. ಪುರ ನಿಲ್ದಾಣದ ಬೆಂಚಿನಲ್ಲಿ ಕೂತು, ನಾಲ್ಕನೆಯ ಸಲಕ್ಕೆ ಹೆಗ್ಗಣವನ್ನು ಕೊಂದು, ಅಕ್ಕ ಸಾಯುವ ಜಾಗಕ್ಕೆ ಬಂದೆ. ಆಕೆ ತಮ್ಮನಿಗೆ ಕೊನೆಯದಾಗಿ ಐದಾರು ಸಾಲು ಹೇಳುತ್ತಾಳೆ. ಸುಳ್ಳು ಹೊಸೆಯುವ ಅವಸರದಲ್ಲಿ ಅಂದು ನಾನೇ ಅದನ್ನು ಓದಿರಲಿಲ್ಲ. ಅಷ್ಟೊಂದು ಕೊರೆತದ ನಡುವೆ ಅದೊಂದು ನಿಜಕ್ಕೂ ಚೆನ್ನಾಗಿದೆ. ನಾಚಿಕೆಯಾಯಿತು. ಫೋನು ಮಾಡಿದೆ.

"ಬಸಣ್ಣ, ಆ ಆಟದಲ್ಲಿ ಅಕ್ಕ ಸಾಯೋವಾಗ ಏನೋ ಹೇಳ್ತಾಳೆ. ನಾನು ನಿಮ್ಗೆ ಹೇಳ್ಲೇ ಇಲ್ಲ. ತಪ್ಪಾಯ್ತು."

ಆ ಕಡೆ ಕುಕ್ಕರ್ ಕೂಗಿತು. "ತಡಿ, ಒಲಿ ಬಂದ್ ಮಾಡಿ ಬರ್ತೀನಿ" ಎಂದರು. ಬಂದು ಕುರ್ಚಿ ಎಳೆದುಕೊಂಡ ಸದ್ದಾಯಿತು.

"ಹ್ಞೂಂ, ಈಗ ಓದು. ಒಂದ್ ಸಾಲೂ ಬಿಡಬ್ಯಾಡ."