ಗುಟ್ಟಿನ ಮನೆಯ ಬೋರ್ಡು

ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಇಸ್ತ್ರಿ ಅಕ್ಕ ಎನ್ನುತ್ತಿದ್ದರು. ಊರಿನ ದೊಡ್ಡ ಮನುಷ್ಯರ ಅಂಗಿಗಳನ್ನೆಲ್ಲ ನೆಟ್ಟಗೆ ಮಾಡಿದವಳಿಗೆ ಮನೆಯ ಒಂದು ಅಂಗಿಯೊಳಗಿನ ಮನುಷ್ಯ ಮಾತ್ರ ನೆಟ್ಟಗಾಗಲಿಲ್ಲ. ಗಂಡ ಬೋರ್ಡು ಬರೆಯುವ ಪೇಂಟರು. ಅಕ್ಷರ ದುಂಡು, ಕೈ ಒರಟು. ಆ ಕೈ ಅವಳ ಎಡಗಿವಿಯ ತಮಟೆ ಒಡೆದ ದಿನ ಉಟ್ಟ ಬಟ್ಟೆಯಲ್ಲೇ ಹೊರಟುಬಂದಳು.

"ನಮ್ಮಕ್ಕನ ಮನೇಲಿ ಒಂದು ಕೋಣೆ ಇದೆ, ಹೋಗಿರೇ. ಅವನಿಗೇನು ಗೊತ್ತಾಗುತ್ತೆ?" ಎಂದಳು ಲಾಂಡ್ರಿಯ ಯಜಮಾನಿ. ಕಂಡವರ ಮನೆಗೆ ಭಾರವಾಗಲು ಇವಳಿಗೆ ಸಂಕೋಚ. ಬೇಕಾಗಿದ್ದುದು ಒಂದೇ: ಅವನಿಗೆ ತಿಳಿಯದ ಬಾಗಿಲು. ಅದಕ್ಕೆಂದೇ ಒಂದು ಸಂಸ್ಥೆ ಇತ್ತು, 'ನೊಂದ ಮಹಿಳೆಯರ ಗುಪ್ತ ಆಸರೆ'. ಅಲ್ಲಿಗೇ ಹೋದಳು.

ಗುಪ್ತವೆಂದರೆ ಎಂಥ ಗುಪ್ತ! ಬಂದವಳ ಮೊಬೈಲು ಕಿತ್ತು ಡ್ರಾಯರಿಗೆ ಹಾಕಿದರು. ಹೆತ್ತ ತಾಯಿಗೂ ವಿಳಾಸ ಹೇಳಬಾರದು. ಕಿಟಕಿಗಳಿಗೆ ಹೆಬ್ಬೆರಳು ಗಾತ್ರದ ಸರಳು. ಆದರೆ ದಾನಿಗಳು ದಾರಿ ತಪ್ಪಬಾರದಲ್ಲ! ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿ ಬರುವವರಿದ್ದರು. ಮಹಡಿಯ ಗೋಡೆಯ ಮೇಲೊಂದು ಭರ್ಜರಿ ಬೋರ್ಡು ಬೇಕೆಂದು ಮೇಲ್ವಿಚಾರಕಿ ಊರಲ್ಲೇ ಅಗ್ಗದ ಪೇಂಟರನ್ನು ಹಿಡಿದುತಂದರು.

ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಇಸ್ತ್ರಿ ಅಕ್ಕ ತಲೆಯೆತ್ತಿದಳು. ಮೊದಲ ಮಹಡಿಯ ಸಜ್ಜದ ಮೇಲೆ, ಗೋಡೆಗೆ ಮುಖ ಮಾಡಿ ಕೂತಿದ್ದ ಬೆನ್ನು ಅವಳಿಗೆ ಚೆನ್ನಾಗಿ ಪರಿಚಯದ್ದು. ಕೆಳಗೆ ನಿಂತು ಮೇಲ್ವಿಚಾರಕಿ ಕೂಗುತ್ತಿದ್ದರು:

"'ಗುಪ್ತ' ಅನ್ನೋದನ್ನ ದಪ್ಪಗೆ ಬರೀರಿ! ಬಸ್ ಸ್ಟಾಪಿಗೂ ಕಾಣ್ಬೇಕು!"

ಅವರನ್ನು ಒಳಗೆ ಎಳೆದುಕೊಂಡು ಹೋಗಿ ಇವಳು ಪಿಸುಗುಟ್ಟಿದಳು. "ಮೇಡಂ, ಮೇಲೆ ಕೂತಿರೋನು ನನ್ನ ಗಂಡ."

ಮೇಡಂ ಮುಖ ಅರಳಿತು. "ಅಯ್ಯೋ, ಒಳ್ಳೇದೇ ಆಯ್ತಲ್ಲಮ್ಮ! ಕರೆಸೋ ಖರ್ಚು ಉಳೀತು. ಇವತ್ತೇ ರಾಜಿ ಮಾಡಿಸ್ಬಿಡೋಣ. ಮುಖ್ಯ ಅತಿಥಿಗಳ ಮುಂದೆ ಇಬ್ರೂ ಕೈ ಹಿಡ್ಕೊಂಡು ನಿಂತ್ರೆ ಎಷ್ಟು ಚೆಂದ!"

"ಅವನು ನನ್ನ ಕೊಲ್ತಾನೆ ಮೇಡಂ."

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಕೇಳಿಲ್ವಾ?"

"ಕೇಳಿದೀನಿ. ನಮ್ಮನೇಲಿ ಅವನು ಉಂಡಮೇಲೇ ಶುರು ಮಾಡ್ತಿದ್ದಿದ್ದು."

ಮೇಡಂ ತಾಳ್ಮೆ, ಹೊಂದಾಣಿಕೆ, ಹೆಣ್ಣಿನ ಜನ್ಮ ಎಂದೆಲ್ಲ ಉಪದೇಶಕ್ಕಿಳಿದರು. ಇಸ್ತ್ರಿ ಅಕ್ಕ ಅವರತ್ತ ಎಡಗಿವಿ ತಿರುಗಿಸಿ ಕೂತಳು. ಒಡೆದ ತಮಟೆಯಿಂದ ಆದ ಲಾಭ ಅದೊಂದೇ. ರಾಜಿಗೆ ಕಾಫಿ ಬೇಕಲ್ಲ. ಮೇಡಂ ಅಡುಗೆಮನೆಗೆ ಹೋದರು. ಇವಳು ಡ್ರಾಯರಿನಿಂದ ಮೊಬೈಲು ತೆಗೆದುಕೊಂಡು ಹೊರಗೆ ಕಾಲಿಟ್ಟಳು.

"ಲೇ! ಇಲ್ಲಿ ಬಚ್ಚಿಟ್ಕೊಂಡಿದೀಯಾ? ಇರು, ಬಂದೆ!" ಸಜ್ಜದ ಮೇಲಿನವನು ಕುಂಚ ಎಸೆದು, ಏಣಿಗಾಗಿ ಕಾಲು ತಡಕಾಡಿದ.

ಇವಳದು ದಿನವಿಡೀ ಕೆಂಡದ ಇಸ್ತ್ರಿಪೆಟ್ಟಿಗೆ ಎತ್ತಿ ಪಳಗಿದ ಕೈ. ಒಂದೇ ಸೆಳೆತಕ್ಕೆ ಏಣಿ ಧಡಾರನೆ ಅಂಗಳಕ್ಕೆ ಬಿತ್ತು. ಅವನು ಹಾರೋಣವೆಂದರೆ ಎತ್ತರ, ಕಿಟಕಿಯಿಂದ ನುಸುಳೋಣವೆಂದರೆ ಸರಳು. ಸಂಸ್ಥೆಯ ಭದ್ರತೆ ಕೆಲಸಕ್ಕೆ ಬಂದದ್ದು ಅದೇ ಮೊದಲು.

"ಬೋರ್ಡು ಮುಗಿಸು. ಅಡ್ವಾನ್ಸ್ ತಗೊಂಡಿರ್ತೀಯ," ಎಂದಳು.

ಕಾಫಿ ಲೋಟ ಹಿಡಿದು ಮೇಡಂ ಓಡಿಬಂದರು. "ಏನಮ್ಮಾ ಇದು! ಸಹಿ ಹಾಕ್ದೆ ಹೊರಗೆ ಹೋಗೋ ಹಾಗಿಲ್ಲ! ಎಲ್ಲಿಗೆ ಹೋಗ್ತಿದೀಯ, ವಿಳಾಸನಾದ್ರೂ ಹೇಳು!"

ಸಜ್ಜದ ಮೇಲಿನವನೂ ಬಯ್ಯುವುದನ್ನು ನಿಲ್ಲಿಸಿ ಕಿವಿ ನಿಮಿರಿಸಿದ.

ಯಜಮಾನಿಯ ಅಕ್ಕನ ಮನೆಯ ಕೋಣೆ ನೆನೆಸಿಕೊಂಡು, ಇಸ್ತ್ರಿ ಅಕ್ಕ ಗೇಟು ತೆಗೆದಳು.

"ಗುಪ್ತ, ಮೇಡಂ."