ಸಲೋಮಮ್ಮನ ಕೈಯ ಸಮಾಧಾನ

ಶಿಕಾರಿಪುರದ ಆ ಸಣ್ಣ ಚರ್ಚಿಗೆ ಕಲ್ಲು ಹೊತ್ತವನು ಸಲೋಮಮ್ಮನ ಅಜ್ಜ. ಆಗೆಲ್ಲ ಬೆಂಚು ಸಾಲದೆ ಜನ ಚಾಪೆ ಹಾಸಿಕೊಂಡು ಕೂರುತ್ತಿದ್ದರಂತೆ. ಆಮೇಲೆ ಮೇಷ್ಟ್ರುಗಳಿಗೆ ವರ್ಗವಾಯಿತು, ನರ್ಸುಗಳು ನಿವೃತ್ತರಾಗಿ ತಂತಮ್ಮ ಊರಿಗೆ ಹೋದರು, ಹುಡುಗರು ಮೈಕು, ಡ್ರಮ್ಮು ಇರುವ ಪ್ರಾರ್ಥನಾ ಮಂದಿರ ಹುಡುಕಿಕೊಂಡರು. ತಪ್ಪೇನು ಬಿಡಿ, ಹರೆಯದವರಿಗೆ ಮುದುಕಿಯರ ರಾಗ ಯಾಕೆ ಬೇಕು! ಕೊನೆಗೆ ಉಳಿದವರು ಸಲೋಮಮ್ಮ ಮತ್ತು ಅವಳ ಗೆಳತಿ ಜಯವಂತಮ್ಮ. ಈ ಮಳೆಗಾಲದಲ್ಲಿ ಜಯವಂತಮ್ಮನೂ ಕಣ್ಣು ಮುಚ್ಚಿದಳು.

ತಿಂಗಳಿಗೊಮ್ಮೆ ಶಿವಮೊಗ್ಗದಿಂದ ಬರುವ ಸಭಾಪಾಲಕ ಅಯ್ಯನವರು ಕೆಟ್ಟವರಲ್ಲ. ಹೋದ ಸಲ ತಲೆ ತಗ್ಗಿಸಿಕೊಂಡೇ ಹೇಳಿದ್ದರು: “ಒಬ್ರಿಗೋಸ್ಕರ ಆರಾಧನೆ ನಡ್ಸೋಕಾಗಲ್ಲಮ್ಮ. ಮುಂದಿನ ಸಲ ಇನ್ನೊಬ್ರಾದ್ರೂ ಬರದಿದ್ರೆ ಬಾಗ್ಲು ಹಾಕ್ಬೇಕಾಗುತ್ತೆ.”

ಸಲೋಮಮ್ಮ ಸುಮ್ಮನೆ ಕೂರಲಿಲ್ಲ. ಸೊರಬಕ್ಕೆ ಹೋಗಿ ಜಯವಂತಮ್ಮನ ಮಗ ಕರುಣಾಕರನಿಗೆ ಕೈಮುಗಿದಳು. “ಬಂದೇ ಬರ್ತೀನಿ ಆಂಟಿ, ನೀವೆಂತದೂ ಯೋಚ್ನೆ ಮಾಡ್ಬೇಡಿ” ಎಂದಿದ್ದ.

ಅಯ್ಯನವರು ಬರುವ ಭಾನುವಾರ ಅವಳು ಗಂಟೆ ಹೊಡೆದಳು. ತುಸು ತಡೆದು ಮತ್ತೆ ಹೊಡೆದಳು. ಸೊರಬದ ಬಸ್ಸು ಬಂತು, ಹೋಯಿತು. ಕರುಣಾಕರನ ಸುಳಿವಿಲ್ಲ. ಕೊಟ್ಟ ಮಾತನ್ನು ಗಾಳಿಗೆ ತೂರಿದ್ದ, ಪುಣ್ಯಾತ್ಮ!

ಅಯ್ಯನವರು ಇದೇ ಕೊನೆಯದೆಂದು ಆರಾಧನೆ ಶುರುಮಾಡಿದರು. ಸಭೆ ಹೇಳಬೇಕಾದ ಉತ್ತರಗಳನ್ನೆಲ್ಲ ಅವಳೊಬ್ಬಳೇ ಹೇಳಿದಳು. ಬಳಿಕ ಸಮಾಧಾನ ಹಂಚುವ ಹೊತ್ತು ಬಂತು. ಅಯ್ಯನವರು ಅವಳ ಜೋಡಿಸಿದ ಕೈಗಳನ್ನು ತಮ್ಮ ಅಂಗೈಗಳ ನಡುವೆ ಹಿಡಿದು ದೇವರ ಸಮಾಧಾನ ಕೊಟ್ಟರು. ಅದನ್ನವಳು ಪಕ್ಕದವರಿಗೆ ದಾಟಿಸಬೇಕು; ಹಾಗೇ ಕೈಯಿಂದ ಕೈಗೆ ಹೋಗಿ ಕೊನೆಯ ಬೆಂಚು ಮುಟ್ಟಬೇಕು, ಅದು ಪದ್ಧತಿ. ಪಕ್ಕಕ್ಕೆ ತಿರುಗಿದರೆ ಜಯವಂತಮ್ಮನ ಜಾಗ ಖಾಲಿ. ಲೋಕದಲ್ಲಿ ತನಗೆ ಯಾರೂ ಇಲ್ಲವೆನಿಸಿ, ಜೋಡಿಸಿದ ಕೈ ಬಿಡಿಸಲೇ ಇಲ್ಲ.

ಆರಾಧನೆ ಮುಗಿಸಿ ಅಯ್ಯನವರೇ ಬೀಗ ಹಾಕಿದರು. ಅವಳು ಕೈ ಹಾಗೇ ಹಿಡಿದುಕೊಂಡು ಗೇಟು ದಾಟಿದಳು.

ಎದುರಿಗೆ ಹೂ ಮಾರುತ್ತಿದ್ದ ಗುತ್ಯಮ್ಮ, ಚಂದ್ರಗುತ್ತಿಯ ಅಮ್ಮನವರ ಒಕ್ಕಲಿನವಳು, ಕೂಗಿದಳು. “ಏನಕ್ಕ, ಕೈ ಹಿಂಗ್ಯಾಕೆ ಹಿಡ್ಕಂಡೀಯ? ಒಳಗೇನೈತೆ?”

“ದೇವ್ರ ಸಮಾಧಾನ ಕಣೆ. ಕೊಡಾಕೆ ಯಾರೂ ಸಿಗ್ಲಿಲ್ಲ.”

“ಅಯ್ಯೋ ನಮ್ಮವ್ವ! ನಾನೇನು ಸತ್ತೋಗೀನಾ? ಇಲ್ಲಿ ಕೊಡು.”

ಗುತ್ಯಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಜೋಡಿಸಿದಳು. ಜಯವಂತಮ್ಮನಿಗೆ ಹೇಳುತ್ತಿದ್ದ ಮಾತನ್ನೇ ಹೇಳಿ ಸಲೋಮಮ್ಮ ಆ ಕೈಗಳನ್ನು ಹಿಡಿದಳು.

ಗುತ್ಯಮ್ಮ ಕೈ ಬಿಡಿಸದೆ ಅತ್ತಿತ್ತ ನೋಡಿದಳು. “ಈಗ ನಾನಿದ್ನ ಯಾರಿಗೆ ಕೊಡ್ಲಕ್ಕ?”

ಜಯವಂತಮ್ಮನ ಮಣ್ಣಿನ ದಿನವೂ ಅಳದಿದ್ದ ಸಲೋಮಮ್ಮ ಅಲ್ಲೇ ಹೂಬುಟ್ಟಿಯ ಪಕ್ಕ ಕೂತು ಅತ್ತಳು.