ಎರಡನೆಯ ಸಾಕ್ಷಿ

ನಾವಿಕರ ಸಹಾಯ ಸಂಘದ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಚೀಟಿ ಅಕ್ಕ ಎಂದೇ. ಹಾಯಿಹಡಗುಗಳಲ್ಲಿ ದುಡಿದ ಜನರ ಬಗ್ಗೆ, ಅವರು ತಾವೇ ಕಟ್ಟಿಕೊಂಡ ಇಂಥ ಸಂಘಗಳ ಬಗ್ಗೆ ಇಪ್ಪತ್ತಾರು ವರ್ಷ ಸಂಶೋಧನೆ ಮಾಡಿದವಳು. ಮಹಡಿಯ ಹಿಂಬದಿ ಕೋಣೆಯಲ್ಲಿ ಕೂತು, ಹುಳು ತಿಂದ ದಫ್ತರಗಳನ್ನು ಬಿಡಿಸಿ, ಒಬ್ಬೊಬ್ಬ ನಾವಿಕನಿಗೂ ಒಂದೊಂದು ಚೀಟಿ ಬರೆದಳು. ಚೀಟಿಗಳಿಗೆ ಎರಡು ಡ್ರಾಯರು: ‘ತೀರಿಕೊಂಡವರು’, ‘ಬರಬೇಕಾದವರು’.

ಈ ವಿಂಗಡಣೆ ಅವಳದಲ್ಲ, ಸಂಘದ್ದೇ. ಕಡಲಲ್ಲಿ ಕಾಣೆಯಾದವನು ಸತ್ತನೆಂದು ಕಣ್ಣಾರೆ ಕಂಡ ಇಬ್ಬರು ಹೇಳಬೇಕು. ಅಲ್ಲಿಯವರೆಗೆ ಅವನು ಬರಬೇಕಾದವನು.

ಅವಳ ಅಪ್ಪನ ಚೀಟಿಯೂ ಎರಡನೆಯ ಡ್ರಾಯರಿನಲ್ಲಿತ್ತು. ಅವಳಿಗೆ ನಾಲ್ಕು ವರ್ಷವಿದ್ದಾಗ ಹಡಗು ಮುಳುಗಿತು. ಬದುಕಿ ಬಂದವನೊಬ್ಬ ಸಾಕ್ಷಿ ಹೇಳಿದ. ಒಬ್ಬನ ಮಾತು ಸಾಲದೆಂದಿತು ಸಂಘ. ಅಮ್ಮ ಆ ಮಾತನ್ನೇ ಬಿಗಿಯಾಗಿ ಹಿಡಿದುಕೊಂಡಳು. ಯಾರಾದರೂ ಕನಿಕರ ತೋರಿಸಿದರೆ, “ಓದುಬರಹ ಬಲ್ಲವರೇ ಸಾಲದು ಅಂದಿದ್ದಾರೆ, ನೀವ್ಯಾರು ಹೇಳೋಕೆ?” ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಸಂಜೆ ಮಗಳು ಚಪ್ಪಲಿ ಬಿಡುವ ಮೊದಲೇ ಅಮ್ಮನ ಪ್ರಶ್ನೆ: “ಏನಾದ್ರೂ ಸಿಕ್ತಾ?”

“ಇಲ್ಲಮ್ಮ.”

“ಸರಿ, ಕೈಕಾಲು ತೊಳ್ಕೊ.”

ಮೂರು ವರ್ಷದ ಹಿಂದೆ ಸಿಕ್ಕಿತು. ಇನ್ನೊಂದು ಬಂದರಿನ ಸಂಘದಿಂದ ಬಂದ ಕಟ್ಟಿನಲ್ಲಿ, ಆ ದಾರಿಯಾಗಿ ಹೋಗುತ್ತಿದ್ದ ಬೇರೊಂದು ಹಡಗಿನ ಅಡುಗೆಯವನ ಹೇಳಿಕೆ. ಎಡಗೈ ಕಿರುಬೆರಳಿಲ್ಲದ ಒಬ್ಬ ಹಲಗೆ ಹಿಡಿದು ತೇಲುತ್ತಿದ್ದ. ಹಗ್ಗ ಎಸೆದೆವು, ಹಿಡಿಯಲು ಶಕ್ತಿಯಿರಲಿಲ್ಲ, ಕಣ್ಣೆದುರೇ ಮುಳುಗಿದ. ಬೆರಳು, ಹಡಗಿನ ಹೆಸರು, ತಾರೀಖು ಎಲ್ಲವೂ ಅಪ್ಪನ ಚೀಟಿಯೊಂದಿಗೆ ತಾಳೆಯಾದವು. ಅಂದು ಅವಳು ಬಸ್ಸು ಹತ್ತದೆ ಮನೆಗೆ ನಡೆದೇ ಹೋದಳು.

“ಏನಾದ್ರೂ ಸಿಕ್ತಾ?”

“ಇಲ್ಲಮ್ಮ.”

ಒಂದು ತಾರೀಖು ತಪ್ಪಿದರೆ ಮೂರು ದಿನ ಊಟ ಸೇರದವಳು ಹೇಳಿದ ಸುಳ್ಳು ಅದು. ಹೇಳಿಕೆಯನ್ನು ಅಪ್ಪನ ಚೀಟಿಯ ಹಿಂದೆ ಗುಂಡುಸೂಜಿಯಿಂದ ಚುಚ್ಚಿ, ಅದೇ ಡ್ರಾಯರಿನಲ್ಲಿಟ್ಟಳು. ಈ ಚೀಟಿಗಳಿಂದಲೇ ಅವಳು ಬರೆದು ಮುಗಿಸಿದ್ದ ಪುಸ್ತಕ ಅಚ್ಚಿಗೆ ಹೋಗದೆ ಅಲ್ಲಿಗೇ ನಿಂತಿತು.

“ಏನ್ರೀ ಚೀಟಿ ಅಕ್ಕ, ನಾನು ಕಣ್ಮುಚ್ಚೋ ಮೊದಲು ಪುಸ್ತಕ ಬರುತ್ತೋ, ಇಲ್ಲ ನನಗೂ ಒಂದು ಚೀಟಿ ಬರೆದಿಟ್ಟಿದ್ದೀರೋ?” ಎಂದು ಮುದುಕ ಕಾರ್ಯದರ್ಶಿ ಕೆಣಕುತ್ತಿದ್ದರು.

“ಬರೆದಾಗಿದೆ ಸಾರ್. ಯಾವ ಡ್ರಾಯರು ಅಂತಷ್ಟೇ ಯೋಚನೆ.”

ನಿಜವಾದ ಕಾರಣ ಹೇಳಿದ್ದು ಕಾಲೇಜಿನ ಕಾಲದ ಗೆಳತಿಯೊಬ್ಬಳಿಗೆ ಮಾತ್ರ. “ಪುಸ್ತಕ ಬಂದ್ರೆ ಅಪ್ಪನ ಹೆಸರನ್ನ ತೀರಿಕೊಂಡವರಲ್ಲಿ ಹಾಕಬೇಕು. ಅಮ್ಮ ಇರೋವರೆಗೆ ಬೇಡ ಕಣೇ. ನನಗೇನು ಅವಸರ?”

ಅಮ್ಮನಿಗಿಂತ ಅವಳೇ ಮೊದಲು ಹೋದಳು. ಕ್ಯಾನ್ಸರು, ಗೊತ್ತಾದ ಮೇಲೆ ಹನ್ನೊಂದೇ ವಾರ. ಮಂಡಿ ಕೈಕೊಟ್ಟ ಅಮ್ಮನಿಗೆ ಆಸ್ಪತ್ರೆಗೆ ಹೋಗಲಾಗಿರಲಿಲ್ಲ. ದೇಹ ಇನ್ನೂ ಅಲ್ಲಿರುವಾಗಲೇ ಕಾರ್ಯದರ್ಶಿಯೂ ಗೆಳತಿಯೂ ಮನೆಗೆ ಬಂದು ಸುದ್ದಿ ಹೇಳಿದರು. ಅಮ್ಮ ಅಳಲಿಲ್ಲ. ಮೊದಲು ಅವರ ಮುಖ ನೋಡಿದಳು.

“ಉಸಿರು ಹೋಗೋವಾಗ ನೀವು ಇದ್ರಾ?”

“ಇದ್ದೆ ತಾಯಿ.”

“ನೀನು?”

“ನನ್ನ ಕೈ ಹಿಡ್ಕೊಂಡಿದ್ಲಮ್ಮ.”

“ಇಬ್ರೂ ನೋಡಿದ್ರಿ.”

“ನೋಡಿದ್ವಿ.”

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಸೆರಗು ಬಿಟ್ಟು, “ಹಾಗಾದ್ರೆ ಇವಳನ್ನ ಕಾಯೋ ಹಾಗಿಲ್ಲ,” ಎಂದಳು.

ಮರುವಾರ ಗೆಳತಿ ಅಪ್ಪನ ಚೀಟಿಯನ್ನೂ ಅದರ ಹಿಂದಿನ ಹೇಳಿಕೆಯನ್ನೂ ಕಾರ್ಯದರ್ಶಿಗೆ ತೋರಿಸಿದಳು. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. ಆಮೇಲೆ ಎದ್ದು, ಎರಡನ್ನೂ ಮತ್ತೆ ‘ಬರಬೇಕಾದವರು’ ಡ್ರಾಯರಿನಲ್ಲೇ ಇಟ್ಟು, ಡ್ರಾಯರು ಮುಚ್ಚಿದರು.